ಮಾಸು ಬೀಳುವ ಆ ಅರ್ಧ ಗಂಟೆ

ಹೆರಿಗೆಯಾಯಿತೆಂಬ ಸುದ್ದಿ ಹೊರಬಿದ್ದೊಡನೆ ಮನೆಯವರು ಕೇಳುವ ಮೊದಲನೆಯ ಪ್ರಶ್ನೆ, ಮಗು ಗಂಡೋ ಹೆಣ್ಣೋ ಎಂಬುದು. ಎರಡನೆಯದು, ಅದರ ತೂಕವೆಷ್ಟು ಎಂಬುದು. ಆದರೆ ಹೆರಿಗೆಯ ಕೋಣೆಯೊಳಗಿರುವ ವೈದ್ಯರನ್ನೂ ದಾದಿಯರನ್ನೂ ಆ ಹೊತ್ತಿನಲ್ಲಿ ಕಾಡುವ ಪ್ರಶ್ನೆ ಬೇರೆಯೇ ಆಗಿರುತ್ತದೆ: ಮಾಸು ಬಿದ್ದಿತೆ? ಪೂರ್ತಿಯಾಗಿ ಬಿದ್ದಿತೆ? ನಮ್ಮ ಹಳ್ಳಿಗಳ ಸೂಲಗಿತ್ತಿಯರೂ ಇದೇ ಪ್ರಶ್ನೆಯನ್ನು "ಕಸ ಬಿತ್ತೆ?" ಎಂದು ಕೇಳುತ್ತಿದ್ದರು. ಮಗು ಅತ್ತ ಮಾತ್ರಕ್ಕೆ ಹೆರಿಗೆ ಮುಗಿಯಲಿಲ್ಲವೆಂಬ ತಿಳಿವಳಿಕೆ ಅವರಿಗೆ ಅನುಭವದಿಂದ ಬಂದಿತ್ತು. ಆ ತಿಳಿವಳಿಕೆಯ ಹಿಂದಿರುವ ವಿಜ್ಞಾನವೇನು, ಮಾಸು ಬೀಳದೆ ನಿಂತಾಗ ಅಥವಾ ಬಿದ್ದ ಮೇಲೆ ರಕ್ತ ನಿಲ್ಲದಾಗ ಇಂದಿನ ವೈದ್ಯಶಾಸ್ತ್ರ ಏನು ಮಾಡಬಲ್ಲದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ವೈದ್ಯಶಾಸ್ತ್ರವು ಹೆರಿಗೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸುತ್ತದೆ. ಗರ್ಭಕೋಶದ ಬಾಯಿ ಪೂರ್ತಿ ತೆರೆದುಕೊಳ್ಳುವುದು ಮೊದಲನೆಯ ಘಟ್ಟ. ಮಗು ಹೊರಬರುವುದು ಎರಡನೆಯದು. ಮಾಸು ಬೀಳುವುದು ಮೂರನೆಯದು. ಮೊದಲನೆಯ ಘಟ್ಟ ಹಲವು ಗಂಟೆಗಳ ಕಾಲ ನಡೆಯುತ್ತದೆ. ಮೂರನೆಯದಾದರೋ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷಗಳಲ್ಲಿ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಹೆರಿಗೆಯ ಕಾಲವೆಲ್ಲದರಲ್ಲಿ ಅತ್ಯಂತ ಚಿಕ್ಕದಾದ ಈ ಘಟ್ಟವೂ ಅದರ ಬೆನ್ನಿಗೇ ಬರುವ ಒಂದೆರಡು ಗಂಟೆಗಳೂ ತಾಯಿಯ ಪಾಲಿಗೆ ಅತ್ಯಂತ ಅಪಾಯದ ಹೊತ್ತು. ಆಗ್ರಾದ ತಾಜಮಹಲನ್ನು ಚಿತ್ರದಲ್ಲಾದರೂ ನೋಡದವರಿಲ್ಲ. ಅದರಲ್ಲಿ ಮಲಗಿರುವ ಮುಮ್ತಾಜ್ ಮಹಲ್ 1631ರಲ್ಲಿ ತನ್ನ 14ನೆಯ ಹೆರಿಗೆಯಲ್ಲಿ, ಅತಿಯಾದ ರಕ್ತಸ್ರಾವದಿಂದ ತೀರಿಕೊಂಡಳೆಂದು ಹೇಳುತ್ತಾರೆ. ಚಕ್ರವರ್ತಿಯ ಅರಮನೆಗೂ ಆ ರಕ್ತವನ್ನು ನಿಲ್ಲಿಸುವ ಉಪಾಯ ತಿಳಿದಿರಲಿಲ್ಲ.

ನಿಮಿಷಕ್ಕೆ ಅರ್ಧ ಲೀಟರು

ಮಾಸು ಎಂದರೇನು? ಅದು ತಾಯಿಗೂ ಮಗುವಿಗೂ ನಡುವೆ ಇರುವ ವಿನಿಮಯ ಕೇಂದ್ರ. ನೋಡುವುದಕ್ಕೆ ದಪ್ಪ ರೊಟ್ಟಿಯಂತೆ ದುಂಡಗೆ, ಕಡುಗೆಂಪಗೆ ಇರುತ್ತದೆ. ಸುಮಾರು 20ರಿಂದ 22 ಸೆಂಟಿಮೀಟರು ಅಗಲ, ಎರಡೂವರೆ ಸೆಂಟಿಮೀಟರು ದಪ್ಪ, ಅರ್ಧ ಕಿಲೋಗ್ರಾಮಿನಷ್ಟು ತೂಕ. ಇದಕ್ಕೆ ಪಾಶ್ಚಾತ್ಯರು ಕೊಟ್ಟ ಪ್ಲಾಸೆಂಟ ಎಂಬ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ ಚಪ್ಪಟೆ ಕಡುಬು ಎಂಬ ಅರ್ಥವಿದೆ. ಇದರ ಒಂದು ಮೈ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಮೈಯಿಂದ ಹೊಕ್ಕಳು ಬಳ್ಳಿ ಹೊರಟು ಮಗುವನ್ನು ಸೇರುತ್ತದೆ. ತಾಯಿಯ ರಕ್ತದಿಂದ ಆಮ್ಲಜನಕವನ್ನೂ ಆಹಾರಾಂಶಗಳನ್ನೂ ಪಡೆದು ಮಗುವಿಗೆ ಕೊಡುವುದು, ಮಗುವಿನ ರಕ್ತದ ಕಶ್ಮಲಗಳನ್ನು ತಾಯಿಯ ರಕ್ತಕ್ಕೆ ಸಾಗಿಸುವುದು ಇದರ ಕೆಲಸ. ಶ್ವಾಸಕೋಶ, ಕರುಳು, ಮೂತ್ರಪಿಂಡ ಈ ಮೂರರ ಕೆಲಸವನ್ನೂ ಮಗುವಿಗಾಗಿ ಇದೊಂದೇ ನಿರ್ವಹಿಸುತ್ತದೆಯೆಂದರೆ ತಪ್ಪಾಗಲಾರದು.

ಇಷ್ಟು ಕೆಲಸ ನಡೆಯಬೇಕಾದರೆ ರಕ್ತವೂ ಹೇರಳವಾಗಿ ಬೇಕು. ದಿನ ತುಂಬಿದ ಗರ್ಭಕೋಶಕ್ಕೆ ಪ್ರತಿ ನಿಮಿಷವೂ 500ರಿಂದ 700 ಮಿಲಿಲೀಟರು ರಕ್ತ ಹರಿದುಬರುತ್ತದೆ. ಗರ್ಭಿಣಿಯ ಮೈಯಲ್ಲಿರುವ ಒಟ್ಟು ರಕ್ತವಾದರೂ ಐದಾರು ಲೀಟರು ಮಾತ್ರ. ಮಾಸು ಕಳಚಿಕೊಂಡ ಕ್ಷಣದಲ್ಲಿ ಈ ರಕ್ತನಾಳಗಳ ಬಾಯಿಗಳೆಲ್ಲ ತೆರೆದು ನಿಲ್ಲುತ್ತವೆ. ಅವು ಹಾಗೆಯೇ ತೆರೆದಿದ್ದರೆ ಏನಾದೀತೆಂಬ ಲೆಕ್ಕವನ್ನು ಶಾಲೆಯ ಹುಡುಗರೇ ಮಾಡಬಲ್ಲರು: ಹತ್ತು ಹನ್ನೆರಡು ನಿಮಿಷಗಳಲ್ಲಿ ಮೈಯ ರಕ್ತವೆಲ್ಲ ಬರಿದಾಗಬೇಕು.

ಆದರೆ ಹಾಗಾಗುವುದಿಲ್ಲ. ಗರ್ಭಕೋಶದ ಗೋಡೆಯಲ್ಲಿ ಸ್ನಾಯುವಿನ ಎಳೆಗಳು ಅಡ್ಡಡ್ಡಲಾಗಿಯೂ ಓರೆಯಾಗಿಯೂ ಬುಟ್ಟಿಯ ಹೆಣಿಗೆಯಂತೆ ಹೆಣೆದುಕೊಂಡಿರುತ್ತವೆ. ರಕ್ತನಾಳಗಳು ಈ ಹೆಣಿಗೆಯ ಕಂಡಿಗಳಲ್ಲಿ ಹಾದು ಬರುತ್ತವೆ. ಮಗು ಹೊರಬಂದೊಡನೆ ಗರ್ಭಕೋಶ ಬಿಗಿಯಾಗಿ ಮುದುಡುತ್ತದೆ. ಗೋಡೆ ಮುದುಡುತ್ತದೆ, ಅಂಟಿಕೊಂಡ ಮಾಸು ಮುದುಡದು; ಆದುದರಿಂದ ಅದು ಸುಲಿದುಕೊಂಡು ಬೀಳುತ್ತದೆ. ಅದೇ ಮುದುಡುವಿಕೆಯಿಂದ ಹೆಣಿಗೆಯ ಕಂಡಿಗಳು ಕಿರಿದಾಗಿ, ಪ್ರತಿಯೊಂದು ರಕ್ತನಾಳವನ್ನೂ ದಾರ ಹಾಕಿ ಬಿಗಿದಂತೆ ಅಮುಕಿಬಿಡುತ್ತವೆ. ವೈದ್ಯರು ಈ ಎಳೆಗಳನ್ನು ಜೀವಂತ ಕಟ್ಟುಗಳೆಂದು ಕರೆಯುವುದುಂಟು. ಬಳಿಕ ನಾಳಗಳ ಬಾಯಿಯಲ್ಲಿ ರಕ್ತ ಹೆಪ್ಪುಗಟ್ಟಿ ಅವುಗಳನ್ನು ಮುಚ್ಚುತ್ತದೆ. ಹೆರಿಗೆಯಾದ ಮೇಲೆ ಹೊಕ್ಕಳಿನ ಕೆಳಗೆ ಕೈಯಿಟ್ಟು ನೋಡಿದರೆ ಗರ್ಭಕೋಶವು ಗಟ್ಟಿಯಾದ ತೆಂಗಿನ ಚಿಪ್ಪಿನ ಹಾಗೆ ಕೈಗೆ ಸಿಕ್ಕಬೇಕು. ಮೆತ್ತಗೆ ಹಿಟ್ಟಿನ ಮುದ್ದೆಯಂತಿದ್ದರೆ ಅಪಾಯ ಕಾದಿದೆಯೆಂದೇ ತಿಳಿಯಬೇಕು.

ರಕ್ತ ನಿಲ್ಲದಿರಲು ಕಾರಣಗಳು

ಸಹಜವಾದ ಹೆರಿಗೆಯಲ್ಲಿಯೂ ಸ್ವಲ್ಪ ರಕ್ತ ಹೋಗಿಯೇ ಹೋಗುತ್ತದೆ. ಅದಕ್ಕೆಂದೇ ಪ್ರಕೃತಿಯು ಗರ್ಭಿಣಿಯ ರಕ್ತದ ಪ್ರಮಾಣವನ್ನು ಮೊದಲಿಗಿಂತ ನೂರಕ್ಕೆ 40ರಷ್ಟು ಹೆಚ್ಚಿಸಿರುತ್ತದೆ. ಹೋದ ರಕ್ತ 500 ಮಿಲಿಲೀಟರನ್ನು ಮೀರಿದರೆ ಅದನ್ನು ಅಧಿಕ ರಕ್ತಸ್ರಾವವೆಂದೂ, ಒಂದು ಲೀಟರನ್ನು ಮೀರಿದರೆ ತೀವ್ರವಾದುದೆಂದೂ ಎಣಿಸುವುದು ವಾಡಿಕೆ. ಕಾರಣಗಳು ಮುಖ್ಯವಾಗಿ ನಾಲ್ಕು. ಗರ್ಭಕೋಶ ಸೋತು ಬಿಗಿಯಾಗದಿರುವುದು ಮೊದಲನೆಯದು. ಹತ್ತರಲ್ಲಿ ಏಳು ಸಲ ಇದೇ ಕಾರಣ. ಅವಳಿ ಮಕ್ಕಳಿಂದ ಗರ್ಭಕೋಶ ಅತಿಯಾಗಿ ಹಿಗ್ಗಿದಾಗಲೂ ಹೆರಿಗೆ ಬಹಳ ಹೊತ್ತು ನಡೆದು ಸ್ನಾಯು ದಣಿದಾಗಲೂ ಹೀಗಾಗುವುದುಂಟು. ಮಾಸು ಅಥವಾ ಅದರ ಚೂರು ಒಳಗೇ ಉಳಿಯುವುದು ಎರಡನೆಯದು. ಹೆರಿಗೆಯ ದಾರಿಯಲ್ಲಿ ಗಾಯವಾಗುವುದು ಮೂರನೆಯದು. ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿ ಕುಂದಿರುವುದು ನಾಲ್ಕನೆಯದು.

ಈ ಅಪಾಯ ಯಾರಿಗೆ ಬರುತ್ತದೆಂದು ಎಲ್ಲ ಸಲವೂ ಮೊದಲೇ ಹೇಳಲಾಗದು. ಯಾವ ತೊಂದರೆಯೂ ಇಲ್ಲದ ಆರೋಗ್ಯವಂತ ಗರ್ಭಿಣಿಗೂ ಅದು ಬರಬಹುದು. ಆದರೆ ಒಂದು ಮಾತು ನಿಶ್ಚಯ: ರಕ್ತಹೀನತೆಯಿಂದ ನರಳುತ್ತಿರುವವಳು ಇದನ್ನು ತಾಳಿಕೊಳ್ಳಲಾರಳು. ಗಟ್ಟಿಮುಟ್ಟಾದ ತಾಯಿ ಸಹಿಸಿಕೊಳ್ಳುವ ನಷ್ಟವೇ ಅವಳ ಪ್ರಾಣವನ್ನು ತೆಗೆಯಬಲ್ಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ರಕ್ತಹೀನರೆಂದು ಕಂಡುಬಂದಿತು. ಕಬ್ಬಿಣಾಂಶದ ಮಾತ್ರೆಯನ್ನು ಗರ್ಭಿಣಿ ತಪ್ಪದೆ ನುಂಗಬೇಕೆಂದು ಆರೋಗ್ಯ ಕಾರ್ಯಕರ್ತೆಯರು ಬೇಸರವಿಲ್ಲದೆ ಹೇಳುವುದು ಈ ಕಾರಣಕ್ಕಾಗಿಯೇ.

ಶಂಕರಪುರಂನಿಂದ ಆಸ್ಪತ್ರೆಗೆ ಎಷ್ಟು ದೂರ?

ಬೆಂಗಳೂರಿನ ಹಳೆಯ ಬಡಾವಣೆಗಳಿಗೂ ಆರೋಗ್ಯದ ವಿಚಾರಕ್ಕೂ ಹಳೆಯ ನಂಟು. 1898ರಲ್ಲಿ ಪ್ಲೇಗು ಮಹಾಮಾರಿ ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ಹೊಕ್ಕಿತು. ಆ ಬಳಿಕ ಗಾಳಿ ಬೆಳಕು ಧಾರಾಳವಾಗಿರುವಂತೆ ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ಕಟ್ಟಿದರು. ಒಂದು ಕಡೆ ಬಸವನಗುಡಿ, ಇನ್ನೊಂದು ಕಡೆ ಚಾಮರಾಜಪೇಟೆ, ಇವುಗಳ ನಡುವಿನ ಶಂಕರಪುರಂನ ಹಳೆಯ ಮನೆಗಳಲ್ಲಿ ಬಾಣಂತಿಗೆಂದೇ ಒಂದು ಕೋಣೆ ಮೀಸಲಾಗಿರುತ್ತಿತ್ತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದಳು. ಹೆರಿಗೆ ಮಾಡಿಸುವವರು ಸೂಲಗಿತ್ತಿಯರು, ಇಲ್ಲವೆ ಮನೆಗೆ ಬರುವ ದಾದಿಯರು. ಮಾಸನ್ನು ಹಿತ್ತಿಲಲ್ಲಿ ಆಳವಾಗಿ ಹೂಳುವ ಪದ್ಧತಿ ನಾಡಿನ ಅನೇಕ ಕಡೆ ಇತ್ತು.

ಸೂಲಗಿತ್ತಿಯರ ಕೈಗುಣವನ್ನು ಯಾರೂ ಹಗುರವಾಗಿ ಕಾಣಬಾರದು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರತೀತಿ. 2018ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಆದರೆ ರಕ್ತ ಧಾರೆಯಾಗಿ ಹರಿಯತೊಡಗಿದಾಗ ಎಂತಹ ಕೈಗುಣಕ್ಕೂ ಒಂದು ಎಲ್ಲೆಯಿತ್ತು. ಆಗ ಬೇಕಾದುದು ಔಷಧ, ಶಸ್ತ್ರಚಿಕಿತ್ಸೆ, ಬದಲಿ ರಕ್ತ.

ಇವೆಲ್ಲ ಒಂದೆಡೆ ದೊರೆಯುವ ಏರ್ಪಾಟು ಬೆಂಗಳೂರಿನ ಈ ಭಾಗಕ್ಕೆ ಬೇಗನೆ ಒದಗಿತು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಅದರ ಪಕ್ಕದಲ್ಲಿಯೇ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಪ್ರಾರಂಭವಾಯಿತು. 1895ರಿಂದ 1902ರವರೆಗೆ ಮೈಸೂರು ಸಂಸ್ಥಾನವನ್ನು ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದನ್ನೇ ಅದು ಹೆಸರಾಗಿ ಪಡೆದಿದೆ. 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಈ ಎರಡು ಆಸ್ಪತ್ರೆಗಳೂ ಅದರ ಬೋಧನಾ ಆಸ್ಪತ್ರೆಗಳಾದವು. ಶಂಕರಪುರಂನಿಂದ ಅಲ್ಲಿಗೆ ಕೆಲವೇ ನಿಮಿಷಗಳ ದಾರಿ.

ಈ ಸಾಮೀಪ್ಯದ ಬೆಲೆಯೇನೆಂಬುದು ಹಳ್ಳಿಯ ಕಡೆ ನೋಡಿದರೆ ತಿಳಿಯುತ್ತದೆ. ತೀವ್ರವಾದ ರಕ್ತಸ್ರಾವಕ್ಕೆ ಚಿಕಿತ್ಸೆ ದೊರೆಯದಿದ್ದರೆ ತಾಯಿ ಸುಮಾರು ಎರಡು ಗಂಟೆಗಳೊಳಗೆ ಪ್ರಾಣ ಬಿಡಬಹುದೆಂದು ತಜ್ಞರು ಎಣಿಸಿದ್ದಾರೆ. ಗಾಡಿಗೆ ಹುಡುಕಾಡಿ, ಹದಗೆಟ್ಟ ರಸ್ತೆಯಲ್ಲಿ ಸಾಗಿ, ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿಕೊಂಡು ಹೋಗುವಷ್ಟರಲ್ಲಿ ಈ ಎರಡು ಗಂಟೆ ಕಳೆದೇ ಹೋಗುತ್ತದೆ. ಆದುದರಿಂದ ಆಸ್ಪತ್ರೆಗೆ ದೂರವಿರುವ ಕಡೆ ರಕ್ತಸ್ರಾವವನ್ನು ಮೊದಲೇ ತಡೆಯುವ ಉಪಾಯವಿದೆಯೆ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಕರ್ನಾಟಕದ ನೆಲದಲ್ಲಿಯೇ ದೊರೆತದ್ದು ನಾವೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಬೆಳಗಾವಿಯ ಮೂರು ಮಾತ್ರೆ

ಗರ್ಭಕೋಶವನ್ನು ಬಿಗಿಗೊಳಿಸುವ ಔಷಧಗಳ ಕಥೆ ಹಳೆಯದು. ಮಿದುಳಿನ ಅಡಿಯಲ್ಲಿರುವ, ಕಡಲೆಕಾಳಿನ ಗಾತ್ರದ ಪಿಟ್ಯೂಟರಿ ಗ್ರಂಥಿಯ ಸಾರವು ಗರ್ಭಕೋಶವನ್ನು ಮುದುಡಿಸುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ತೋರಿಸಿದನು. ಆ ಸಾರದ ಮುಖ್ಯವಸ್ತುವೇ ಆಕ್ಸಿಟೋಸಿನ್. ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಸರಪಣಿಯನ್ನು ಅಮೆರಿಕದ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿ, 1955ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದನು. ಮಗು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ತಾನಾಗಿ ಹುಟ್ಟುವುದೂ ಇದೇ ವಸ್ತು. ಮಗು ಹುಟ್ಟಿದ ಒಂದು ನಿಮಿಷದೊಳಗೆ ಇದನ್ನು ಚುಚ್ಚುಮದ್ದಿನಿಂದ ಕೊಡುವುದು ಇಂದು ಜಗತ್ತಿನೆಲ್ಲೆಡೆ ರೂಢಿಯಾಗಿದೆ. ಆದರೆ ಇದಕ್ಕೆ ಎರಡು ತೊಡಕುಗಳಿವೆ. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ತಂಪಿನಲ್ಲಿ ಇಡಬೇಕು. ಕೊಡುವುದಕ್ಕೆ ಸೂಜಿ ಹಿಡಿಯಬಲ್ಲವರು ಬೇಕು. ವಿದ್ಯುತ್ತು ಬಂದು ಹೋಗುವ ಹಳ್ಳಿಗಳಲ್ಲಿ ಇವೆರಡೂ ಕಷ್ಟ.

ಮಿಸೋಪ್ರೊಸ್ಟಾಲ್ ಎಂಬುದು ಹೊಟ್ಟೆಯ ಹುಣ್ಣಿಗೆಂದು ಹುಟ್ಟಿದ ಅಗ್ಗದ ಮಾತ್ರೆ. ತಂಪುಪೆಟ್ಟಿಗೆ ಬೇಡ, ಸೂಜಿ ಬೇಡ. ಅದಕ್ಕೂ ಗರ್ಭಕೋಶವನ್ನು ಬಿಗಿಗೊಳಿಸುವ ಗುಣವಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಡಾ. ಡರ್ಮನ್ ಅವರೊಡಗೂಡಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮನೆಯಲ್ಲಿಯೋ ಉಪಕೇಂದ್ರದಲ್ಲಿಯೋ ಹೆರಿಗೆಯಾದ 1,620 ತಾಯಂದಿರು ಈ ಪರೀಕ್ಷೆಗೆ ಒಪ್ಪಿದ್ದರು. ಹೆರಿಗೆ ಮಾಡಿಸಿದವರು ಹಳ್ಳಿಯ ಸಹಾಯಕ ದಾದಿಯರು. ಅರ್ಧದಷ್ಟು ತಾಯಂದಿರಿಗೆ, ಮಗು ಹುಟ್ಟಿದೊಡನೆ 600 ಮೈಕ್ರೋಗ್ರಾಮಿನಷ್ಟು, ಎಂದರೆ ಮೂರು ಮಾತ್ರೆ, ಮಿಸೋಪ್ರೊಸ್ಟಾಲನ್ನು ನುಂಗಿಸಿದರು. ಉಳಿದವರಿಗೆ ಅದೇ ರೂಪದ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಹೋಯಿತೆಂಬುದು ಕೊಟ್ಟವರಿಗೂ ತಿಳಿದಿರಲಿಲ್ಲ. ಎಣಿಕೆಯಲ್ಲಿ ಪಕ್ಷಪಾತ ನುಸುಳದಂತೆ ನೋಡಿಕೊಳ್ಳಲು ವಿಜ್ಞಾನಿಗಳು ಅನುಸರಿಸುವ ಕ್ರಮವಿದು.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರಿಯ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅಧಿಕ ರಕ್ತಸ್ರಾವವಾಗಿತ್ತು. ಔಷಧ ನುಂಗಿದವರಲ್ಲಿ ನೂರಕ್ಕೆ 6.4 ಮಂದಿಗೆ ಮಾತ್ರ. ಲೀಟರನ್ನು ಮೀರಿದ ತೀವ್ರ ರಕ್ತಸ್ರಾವವು ನೂರಕ್ಕೆ 1.2ರಿಂದ 0.2ಕ್ಕೆ ಇಳಿಯಿತು. ಈ ಮಾತ್ರೆಯನ್ನು 18 ತಾಯಂದಿರಿಗೆ ಕೊಟ್ಟರೆ ಅವರಲ್ಲಿ ಒಬ್ಬಳನ್ನು ಅಧಿಕ ರಕ್ತಸ್ರಾವದಿಂದ ಪಾರುಮಾಡಿದಂತಾಗುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕಾಗಿ ಮಿಸೋಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿಕೊಂಡಿತು.

ಬೆಳಗಾವಿಯ ಪ್ರಯೋಗದಿಂದ ಇನ್ನೊಂದು ಪಾಠವೂ ದೊರೆಯಿತು. ಹೋದ ರಕ್ತವನ್ನು ಕಣ್ಣಂದಾಜಿನಿಂದ ಹೇಳುವುದು ಎಲ್ಲೆಡೆಯ ರೂಢಿ. ಬಟ್ಟೆಯಲ್ಲಿ ಇಂಗಿದ, ನೆಲದ ಮೇಲೆ ಚೆಲ್ಲಿದ ರಕ್ತವನ್ನು ಅಳೆಯುವುದು ಹೇಗೆ? ಅಲ್ಲಿನ ಸಂಶೋಧಕರು ಪ್ಲಾಸ್ಟಿಕ್ಕಿನ ಹಾಳೆಯೊಂದನ್ನು ಬಳಸಿದರು. ಅದರ ತುದಿಯಲ್ಲಿ ಆಲಿಕೆಯಂತಹ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ತಾಯಿಯ ಸೊಂಟದ ಕೆಳಗೆ ಹಾಸಿದರೆ ರಕ್ತವೆಲ್ಲ ಚೀಲಕ್ಕೆ ಇಳಿದು, ಎಷ್ಟು ಹೋಯಿತೆಂಬುದು ಗೆರೆಯ ಮೇಲೆಯೇ ಕಾಣುತ್ತದೆ. ಇದರೊಡನೆ ಹೋಲಿಸಿ ನೋಡಿದಾಗ ಕಣ್ಣಂದಾಜು ಮೂರರಲ್ಲೊಂದು ಪಾಲಿನಷ್ಟು ಕಡಿಮೆ ಹೇಳುತ್ತದೆಂದು ತಿಳಿದುಬಂದಿತು. ಎಂದರೆ, ಅಪಾಯ ಬಾಗಿಲಿಗೆ ಬಂದು ನಿಂತಿದ್ದರೂ ಇನ್ನೂ ದೂರದಲ್ಲಿದೆಯೆಂದೇ ಕಣ್ಣು ಹೇಳುತ್ತಿತ್ತು.

ಇದೇ ತತ್ತ್ವದ ಹಾಳೆಯನ್ನು ಮುಂದೆ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ ಬಳಸಿದರು. ಅದರ ವರದಿ 2023ರಲ್ಲಿ ಹೊರಬಂದಿತು. ರಕ್ತವನ್ನು ಅಳೆದು ಅಪಾಯವನ್ನು ಬೇಗ ಗುರುತಿಸುವುದು, ಒಡನೆಯೇ ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ತಿಕ್ಕುವುದು, ಬಿಗಿಗೊಳಿಸುವ ಔಷಧ, ಟ್ರಾನೆಕ್ಸಾಮಿಕ್ ಆಮ್ಲ, ನಾಳದ ಮೂಲಕ ಲವಣದ್ರವ, ಗಾಯವೋ ಉಳಿದ ಮಾಸೋ ಇದೆಯೆ ಎಂಬ ತಪಾಸಣೆ, ಇವನ್ನೆಲ್ಲ ಒಂದಾದ ಮೇಲೊಂದರಂತೆ ಕಾದು ನೋಡದೆ ಒಟ್ಟಿಗೇ ನಡೆಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ನೂರಕ್ಕೆ 60ರಷ್ಟು ತಗ್ಗಿದವು. ಇವುಗಳಲ್ಲಿ ಯಾವುದೂ ಹೊಸ ಆವಿಷ್ಕಾರವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತಿಳಿದಿದ್ದುದನ್ನು ತಡಮಾಡದೆ ಮಾಡಿದುದೇ ಇಲ್ಲಿನ ಹೊಸತು. ಮೇಲೆ ಹೇಳಿದ ಟ್ರಾನೆಕ್ಸಾಮಿಕ್ ಆಮ್ಲವನ್ನು ಕಂಡುಹಿಡಿದವರು ಜಪಾನಿನ ಊಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ, ವರ್ಷ 1962. ಕಟ್ಟಿದ ಹೆಪ್ಪು ಕರಗದಂತೆ ಅದು ಕಾಯುತ್ತದೆ. ಹೆರಿಗೆಯಾದ ಮೂರು ಗಂಟೆಗಳೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಕಡಿಮೆಯಾಗುತ್ತದೆಂದು 20,000 ತಾಯಂದಿರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು.

ಮಾಸು ಬೇರುಬಿಟ್ಟಾಗ

ಇಷ್ಟು ಹೊತ್ತೂ ನಾವು ಕಳಚಿ ಬಿದ್ದ ಮಾಸಿನ ವಿಚಾರ ಹೇಳಿದೆವು. ಮಾಸು ಕಳಚದೆಯೇ ಇದ್ದರೆ? ಅರ್ಧ ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರು ಅರಿವಳಿಕೆ ಕೊಟ್ಟು, ಕೈಯನ್ನು ಗರ್ಭಕೋಶದೊಳಗೆ ತೂರಿಸಿ, ಬೆರಳ ಅಂಚಿನಿಂದ ಅದನ್ನು ಮೆಲ್ಲನೆ ಬಿಡಿಸಿ ತೆಗೆಯುತ್ತಾರೆ. ತಿಳಿಯದವರು ಹೊಕ್ಕಳು ಬಳ್ಳಿಯನ್ನು ಹಿಡಿದು ಬಲವಾಗಿ ಜಗ್ಗಿದರೆ ಬಳ್ಳಿ ಕಿತ್ತುಬರಬಹುದು. ಗರ್ಭಕೋಶವೇ ಒಳಮೈ ಹೊರಗಾಗಿ ಮಗುಚಿ ಬರಲೂಬಹುದು. ಕೆಲವೊಮ್ಮೆ ಬೆರಳಿಗೂ ಮಾಸು ಬಿಡಿಸಿಕೊಳ್ಳುವುದಿಲ್ಲ. ಮಾಸಿಗೂ ಗೋಡೆಗೂ ನಡುವೆ ಬೆರಳು ತೂರುವ ಎಡೆಯೇ ಇರುವುದಿಲ್ಲ.

ಇದಕ್ಕೆ ಕಾರಣವನ್ನು ತಿಳಿಯಲು ಮರಗಳ ಕಡೆ ನೋಡೋಣ. ಎಲೆಯುದುರುವ ಮರದಲ್ಲಿ, ಎಲೆಯ ತೊಟ್ಟು ಕೊಂಬೆಯನ್ನು ಸೇರುವ ಕಡೆ ತೆಳುವಾದ ಪದರವೊಂದು ಬೆಳೆಯುತ್ತದೆ. ಕಾಲ ಬಂದಾಗ ಎಲೆ ಆ ಪದರದಲ್ಲಿಯೇ ಕಳಚುತ್ತದೆ, ಕೊಂಬೆಗೆ ಗಾಯವಾಗುವುದಿಲ್ಲ. ಗರ್ಭಕೋಶದಲ್ಲಿಯೂ ಅಂತಹ ಒಂದು ಪೊರೆಯಿದೆ. ಅದರ ಹೆಸರು ಡೆಸಿಡುವ. ಉದುರುವುದು ಎಂದೇ ಈ ಶಬ್ದದ ಅರ್ಥ. ಮಾಸಿನ ಬೇರುಗಳು ಈ ಪೊರೆಯಲ್ಲಿ ಇಳಿದು ಅಲ್ಲಿಯೇ ನಿಲ್ಲುತ್ತವೆ. ಹೆರಿಗೆಯಾದ ಮೇಲೆ ಮಾಸು ಈ ಪೊರೆಯ ಮಟ್ಟದಲ್ಲಿ ಕಳಚುತ್ತದೆ. ಗರ್ಭಕೋಶದ ಒಳಮೈಯಲ್ಲಿ ಹಳೆಯ ಗಾಯದ ಕಲೆಯಿದ್ದರೆ, ಆ ಕಲೆಯ ಮೇಲೆ ಡೆಸಿಡುವ ಸರಿಯಾಗಿ ಬೆಳೆಯುವುದಿಲ್ಲ. ಮಾಸು ಅಲ್ಲಿ ಬಂದು ಕುಳಿತರೆ ಅದರ ಬೇರುಗಳಿಗೆ ತಡೆಯೇ ಇರುವುದಿಲ್ಲ. ಅವು ಸ್ನಾಯುವಿಗೆ ನೇರವಾಗಿ ಅಂಟಿಕೊಂಡರೆ ಅಕ್ರೀಟ ಎಂದೂ, ಸ್ನಾಯುವಿನೊಳಗೆ ಇಳಿದರೆ ಇನ್‌ಕ್ರೀಟ ಎಂದೂ, ಗೋಡೆಯನ್ನು ತೂರಿ ಪಕ್ಕದ ಮೂತ್ರಕೋಶದವರೆಗೂ ಹೋದರೆ ಪರ್‌ಕ್ರೀಟ ಎಂದೂ ಹೆಸರು. ಹೀಗೆ ಬೇರುಬಿಟ್ಟ ಮಾಸನ್ನು ಕೀಳಹೊರಟರೆ ರಕ್ತನಾಳಗಳು ಹರಿಯುತ್ತವೆ; ಮುದುಡಿ ಅಮುಕಬೇಕಾದ ಸ್ನಾಯು ಅಲ್ಲಿ ದುರ್ಬಲವಾಗಿರುತ್ತದೆ. ಕೆಲವು ನಿಮಿಷಗಳಲ್ಲಿ ಲೀಟರುಗಟ್ಟಲೆ ರಕ್ತ ಹೋಗುತ್ತದೆ.

1937ರಲ್ಲಿ ಬಾಸ್ಟನ್ನಿನ ಅರ್ವಿಂಗ್ ಮತ್ತು ಹರ್ಟಿಗ್ ಎಂಬ ವೈದ್ಯರು ಇದನ್ನು ವಿವರವಾಗಿ ವರ್ಣಿಸಿದಾಗ ಇದು ಅತಿ ವಿರಳವಾದ ರೋಗವಾಗಿತ್ತು. ಈಗ ಹಾಗಲ್ಲ. ಇದಕ್ಕೆ ಮುಖ್ಯ ಕಾರಣ ಸಿಜೇರಿಯನ್ ಶಸ್ತ್ರಚಿಕಿತ್ಸೆ ಹೆಚ್ಚಿರುವುದು. ಸಿಜೇರಿಯನ್ನಿನಲ್ಲಿ ಗರ್ಭಕೋಶದ ಕೆಳಭಾಗವನ್ನು ಕೊಯ್ದು ಹೊಲಿಯುತ್ತಾರೆ. ಕಲೆ ಅಲ್ಲಿಯೇ ಉಳಿಯುತ್ತದೆ. ಮುಂದಿನ ಬಸಿರಿನಲ್ಲಿ ಮಾಸು ಮೇಲೆಲ್ಲಿಯೋ ಕುಳಿತರೆ ಚಿಂತೆಯಿಲ್ಲ. ಕೆಳಗೆ ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕುಳಿತರೆ ಅದು ಕಲೆಯ ಮೇಲೆಯೇ ಬೇರುಬಿಡುವ ಸಂಭವ ಹೆಚ್ಚು. 30,000ಕ್ಕೂ ಹೆಚ್ಚು ಸಿಜೇರಿಯನ್‌ಗಳನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಲೆಕ್ಕ ಹೀಗಿದೆ: ಮಾಸು ಹೀಗೆ ಅಡ್ಡ ಕುಳಿತ ಗರ್ಭಿಣಿಯರಲ್ಲಿ, ಹಿಂದೆ ಒಂದು ಸಿಜೇರಿಯನ್ ಆಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ, ಎರಡು ಆಗಿದ್ದವರಲ್ಲಿ 40 ಮಂದಿಗೆ, ಮೂರು ಆಗಿದ್ದವರಲ್ಲಿ 61 ಮಂದಿಗೆ ಮಾಸು ಬೇರುಬಿಟ್ಟಿತ್ತು.

ಕರ್ನಾಟಕದಲ್ಲಿ 2015–16ರ ಸಮೀಕ್ಷೆಯಂತೆ ನೂರು ಹೆರಿಗೆಗಳಲ್ಲಿ 23.6 ಸಿಜೇರಿಯನ್ ಆಗಿದ್ದವು. 2019–21ರಲ್ಲಿ ಆ ಸಂಖ್ಯೆ 31.5ಕ್ಕೆ ಏರಿತು. ಸಿಜೇರಿಯನ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮಗು ಅಡ್ಡ ಮಲಗಿದಾಗ, ಹೆರಿಗೆ ಮುಂದುವರಿಯದಾಗ, ಅದು ತಾಯಿ ಮಗು ಇಬ್ಬರ ಪ್ರಾಣವನ್ನೂ ಉಳಿಸಿದೆ, ಇಂದೂ ಉಳಿಸುತ್ತಿದೆ. ಆದರೆ ಅಗತ್ಯವಿಲ್ಲದೆಡೆ, ಮುಹೂರ್ತದ ಅನುಕೂಲಕ್ಕೋ ನೋವಿನ ಅಂಜಿಕೆಗೋ ಅದನ್ನು ಮಾಡಿಸಿಕೊಂಡರೆ ಅದರ ಬೆಲೆಯನ್ನು ತೆರಬೇಕಾಗುವುದು ಮುಂದಿನ ಹೆರಿಗೆಯಲ್ಲಿ ಎಂಬುದನ್ನು ಮನೆಯ ಹಿರಿಯರು ತಿಳಿದಿರಬೇಕು.

ಮೊದಲೇ ತಿಳಿದರೆ

ಈ ರೋಗದ ವಿಚಾರದಲ್ಲಿ ಸಮಾಧಾನದ ಸಂಗತಿಯೊಂದಿದೆ. ಶಬ್ದಾತೀತ ತರಂಗಗಳಿಂದ ಗರ್ಭವನ್ನು ನೋಡುವ ಸ್ಕ್ಯಾನಿಂಗ್ ವಿಧಾನದಿಂದ, ಮಾಸು ಎಲ್ಲಿ ಕುಳಿತಿದೆ, ಅದರ ಹಿಂದಿನ ಸ್ನಾಯು ತೆಳುವಾಗಿದೆಯೆ, ರಕ್ತನಾಳಗಳು ಅಸಹಜವಾಗಿ ಹಬ್ಬಿವೆಯೆ ಎಂಬುದನ್ನು ಹೆರಿಗೆಗೆ ಎಷ್ಟೋ ವಾರಗಳ ಮೊದಲೇ ಪತ್ತೆಮಾಡಬಹುದು. ಪತ್ತೆಯಾದ ಗರ್ಭಿಣಿಯನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿಕೊಂಡು, ನೋವು ಬರುವವರೆಗೆ ಕಾಯದೆ, ಸಾಮಾನ್ಯವಾಗಿ 34ರಿಂದ 36ನೆಯ ವಾರದೊಳಗೆ ಶಸ್ತ್ರಚಿಕಿತ್ಸೆಯನ್ನು ನಿಗದಿಮಾಡುತ್ತಾರೆ. ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮೂತ್ರಾಂಗ ತಜ್ಞರು, ಮಕ್ಕಳ ವೈದ್ಯರು ಸೇರಿ ಕೆಲಸವನ್ನು ಹಂಚಿಕೊಳ್ಳುತ್ತಾರೆ. ಹೊಂದುವ ರಕ್ತವನ್ನು ಮುಂಚಿತವಾಗಿಯೇ ತರಿಸಿಟ್ಟಿರುತ್ತಾರೆ. ಮಾಸನ್ನು ಮುಟ್ಟದಂತೆ ಗರ್ಭಕೋಶವನ್ನು ಮೇಲ್ಭಾಗದಲ್ಲಿ ಕೊಯ್ದು ಮಗುವನ್ನು ತೆಗೆಯುತ್ತಾರೆ. ಬಳಿಕ ಮಾಸನ್ನು ಕೀಳುವ ಗೋಜಿಗೆ ಹೋಗದೆ, ಅದು ಅಂಟಿದ್ದ ಹಾಗೆಯೇ ಗರ್ಭಕೋಶವನ್ನು ತೆಗೆದುಹಾಕುವುದು ಬಹುಮಟ್ಟಿಗೆ ಸುರಕ್ಷಿತ ಮಾರ್ಗ. ಮುಂದೆ ಮಕ್ಕಳು ಬೇಕೆಂಬ ಎಳೆಯ ತಾಯಂದಿರಲ್ಲಿ, ಆಯ್ದ ಕೆಲವು ಸಂದರ್ಭಗಳಲ್ಲಿ, ಗರ್ಭಕೋಶವನ್ನು ಉಳಿಸುವ ಪ್ರಯತ್ನಗಳೂ ಉಂಟು. ಗರ್ಭಕೋಶವನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಆದರೆ ಮಡಿಲಲ್ಲಿ ಮಗುವಿಟ್ಟುಕೊಂಡು ತಾಯಿ ಮನೆಗೆ ಮರಳುವಳಲ್ಲವೆ?

ಸೋತ ಗರ್ಭಕೋಶದಿಂದ ರಕ್ತ ಹರಿಯುವಾಗ ಅದನ್ನು ಉಳಿಸಿಕೊಳ್ಳುವ ಉಪಾಯಗಳೂ ಬೆಳೆದಿವೆ. ಗರ್ಭಕೋಶದೊಳಗೆ ಚೀಲವೊಂದನ್ನಿಟ್ಟು ನೀರು ತುಂಬಿ ಉಬ್ಬಿಸಿದರೆ ಅದು ಒಳಗಿನಿಂದ ರಕ್ತನಾಳಗಳನ್ನು ಒತ್ತಿಹಿಡಿಯುತ್ತದೆ. ಬೆಲೆಬಾಳುವ ಆಮದು ಚೀಲದ ಬದಲು ಸಾಧಾರಣ ನಿರೋಧನ್ನು ರಬ್ಬರು ನಳಿಕೆಗೆ ಕಟ್ಟಿ ಬಳಸಬಹುದೆಂದು ಢಾಕಾ ನಗರದ ಡಾ. ಸಯೆಬಾ ಅಖ್ತರ್ 2003ರಲ್ಲಿ ತೋರಿಸಿದರು. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಡಾ. ಬಿ-ಲಿಂಚ್ ಎಂಬುವರು ಗರ್ಭಕೋಶವನ್ನು ಪಟ್ಟಿಗಳಂತೆ ಬಿಗಿದು ಕಟ್ಟುವ ಹೊಲಿಗೆಯೊಂದನ್ನು 1997ರಲ್ಲಿ ವಿವರಿಸಿದರು.

ನಮ್ಮ ಪಾಲಿನ ಕೆಲಸ

ಇವೆಲ್ಲಕ್ಕೂ ಆಧಾರವಾದುದು ರಕ್ತ. ಅದನ್ನು ಇಂದಿಗೂ ಯಾವ ಕಾರ್ಖಾನೆಯೂ ತಯಾರಿಸಲಾರದು. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ನೋಡಲಾರದೆಯೇ ಲಂಡನ್ನಿನ ಪ್ರಸೂತಿ ವೈದ್ಯ ಜೇಮ್ಸ್ ಬ್ಲಂಡೆಲ್ 19ನೆಯ ಶತಮಾನದ ಮೊದಲ ಭಾಗದಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಸಾಹಸಕ್ಕೆ ಕೈಹಾಕಿದನು. ಕೆಲವರು ಬದುಕಿದರು, ಕೆಲವರು ಸತ್ತರು. ಕಾರಣ ಅವನಿಗೆ ತಿಳಿಯಲಿಲ್ಲ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ ಆ ಒಗಟು ಬಿಡಿಸಿತು. ನಮ್ಮ ದೇಶದ ಡಾ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಬೊಂಬಾಯಿ ರಕ್ತದ ಗುಂಪು ಎಂಬ ವಿರಳವಾದ ಇನ್ನೊಂದನ್ನು ಕಂಡುಹಿಡಿದರು. ಆ ಗುಂಪಿನ ಗರ್ಭಿಣಿಗೆ ಅದೇ ಗುಂಪಿನ ರಕ್ತವೇ ಆಗಬೇಕು. ಆದುದರಿಂದ ಪ್ರತಿ ಗರ್ಭಿಣಿಯ ರಕ್ತದ ಗುಂಪನ್ನು ಮೊದಲೇ ಪರೀಕ್ಷಿಸಿಡುವುದು ಅವಶ್ಯಕ.

ಕಾಲೇಜಿನ ವಿದ್ಯಾರ್ಥಿಗಳು ಇಲ್ಲಿ ನೇರವಾಗಿ ನೆರವಾಗಬಲ್ಲರು. ನಮ್ಮ ದೇಶದ ನಿಯಮದಂತೆ 18 ವರ್ಷ ತುಂಬಿದ, 45 ಕಿಲೋಗ್ರಾಮಿಗೆ ಕಡಿಮೆಯಿಲ್ಲದ ತೂಕದ, ಹಿಮೊಗ್ಲೋಬಿನ್ 12.5 ಗ್ರಾಮಿಗೆ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತದಾನ ಮಾಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಒಂದು ಸಲಕ್ಕೆ ತೆಗೆಯುವುದು 350 ಅಥವಾ 450 ಮಿಲಿಲೀಟರು. ಹೆತ್ತ ತಾಯಿಯ ಮೈಯಿಂದ ಒಂದು ನಿಮಿಷದಲ್ಲಿ ಹರಿದುಹೋಗಬಹುದಾದಷ್ಟೇ ರಕ್ತ ಅದು. ಆಸ್ಪತ್ರೆಗಳು ರಕ್ತಕ್ಕಾಗಿ ಪರದಾಡುವುದು ಪರೀಕ್ಷೆಯ ದಿನಗಳಲ್ಲಿಯೂ ರಜಾದಿನಗಳಲ್ಲಿಯೂ ಎಂಬುದನ್ನು ನೆನಪಿಡಬೇಕು.

2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುವಂತಾದುದು ಇದಕ್ಕೆ ಒಂದು ದೊಡ್ಡ ಕಾರಣ. ಉಳಿದ ಸಾವುಗಳಲ್ಲಿಯೂ ಹಲವನ್ನು ತಪ್ಪಿಸಬಹುದು. ಅದಕ್ಕೆ ಗರ್ಭಿಣಿಯಿರುವ ಪ್ರತಿಯೊಂದು ಮನೆಯಲ್ಲಿಯೂ ನಾಲ್ಕು ಸಂಗತಿಗಳು ತಿಳಿದಿರಬೇಕು: ಅವಳ ರಕ್ತದ ಗುಂಪು ಯಾವುದು, ರಕ್ತಹೀನತೆ ಇದೆಯೆ, ಹಿಂದೆ ಸಿಜೇರಿಯನ್ ಆಗಿದೆಯೆ, ಆಗಿದ್ದರೆ ಈಗ ಮಾಸು ಎಲ್ಲಿ ಕುಳಿತಿದೆ. ಈ ನಾಲ್ಕಕ್ಕೂ ಉತ್ತರ ಅವಳ ತಾಯಿ ಕಾರ್ಡಿನಲ್ಲಿಯೂ ಸ್ಕ್ಯಾನಿಂಗ್ ವರದಿಯಲ್ಲಿಯೂ ದೊರೆಯುತ್ತದೆ. ಓದು ಬಲ್ಲ ಮಕ್ಕಳು ಅವನ್ನು ತೆಗೆದು ಓದಿ, ಮನೆಯವರಿಗೆ ತಿಳಿಯಹೇಳುವುದೇ ಅವರು ಕಲಿತ ವಿಜ್ಞಾನದ ಸಾರ್ಥಕತೆ.